ಟಾಪು ಕೊಯ್ದ ಲಾರಿ

ಹೊಸ ಟಾರ್ಪಾಲಿನ ವಾಸನೆ ಬಂದರೆ ಇಂದಿಗೂ ನನಗೆ ಹೊಸಪೇಟೆಯ ಆ ದಿನ ನೆನಪಾಗುತ್ತದೆ. ಗಣಿ ಸಾಹುಕಾರನ ಅದಿರು ಲಾರಿಗಳು ಹೊದಿಕೆಯಿಲ್ಲದೆ ನಮ್ಮ ಬಾಗಿಲ ಮುಂದೆಯೇ ಓಡುತ್ತಿದ್ದವು; ಆ ಧೂಳಿಗೆ ತಮ್ಮ ಕೆಮ್ಮಿ ಕೆಮ್ಮಿ ಸೊರಗಿದ್ದ. ಅವ್ವ ಅಂಗಲಾಚಿದರೆ ಸಾಹುಕಾರ ನಕ್ಕಿದ್ದ.

ಸಾಹುಕಾರನ ಅಜ್ಜನ ಕಾಲದ ತುಕ್ಕು ಹಿಡಿದ ಲಾರಿಯನ್ನು ಅಪ್ಪ ತನ್ನ ಗ್ಯಾರೇಜಿನಲ್ಲಿ ಹೊಸದರಂತೆ ಮಾಡಿ, ಅವನು ಮೆರೆಯಲೆಂದು ತಲೆಮೇಲಿನ ತಗಡಿನ ಟಾಪು ಕೊಯ್ದು ಕೊಟ್ಟ. ಅದರ ಜಾಗಕ್ಕೆ ಮಡಚುವ ಬಟ್ಟೆಯ ಹುಡ್ ಹೊಲಿಯಬೇಕಾದವಳು ಅವ್ವ. ಅವಳು ಸೂಜಿ ಮುಟ್ಟಿರಲಿಲ್ಲ. ಸಾಹುಕಾರ ಕಾಯದೆ, ಬಿಳಿ ಅಂಗಿ ತೊಟ್ಟು ಸಂಡೂರಿಗೆ ಹೊರಟ. ಸಂಜೆ ತನ್ನದೇ ಲಾರಿಗಳ ಅದಿರು ಧೂಳಿನಿಂದ ಹುಬ್ಬಿನವರೆಗೂ ಕೆಂಪಾಗಿ, ಕೆಮ್ಮುತ್ತ ಬಂದ. ದೇವರು ಕ್ಷಮಿಸಲಿ, ಆ ಕೆಮ್ಮು ನನಗೆ ಹಿತವಾಗಿತ್ತು.

“ಹುಡ್ ಜಲ್ದಿ ಹೊಲ್ದು ಕೊಡಬೇ!” ಎಂದ.

ಅವ್ವ ನೀರು ಕೊಟ್ಟಳು. “ಹೊಲೀತೀನ್ರಿ ಸಾವ್ಕಾರ್ರ. ಮೊದಲು ನಿಮ್ಮ ಅದಿರು ಲಾರಿಗೆಲ್ಲಾ ಟಾರ್ಪಾಲ್ ಹೊದಿಸ್ರಿ. ಅಲ್ಲೀತನಕ ನನ್ನ ಮಗನ ಜೋಡಿ ನೀವೂ ಕೆಮ್ಮ್ರಿ.”