ಏಳನೇ ತಟ್ಟೆ

ಪರೀಕ್ಷೆಯಲ್ಲಿದ್ದ ಹೊಸ ಔಷಧಿಯ ಹನಿ ಬಿದ್ದ ಎರಡೇ ನಿಮಿಷಕ್ಕೆ ಏಳನೇ ತಟ್ಟೆಯಲ್ಲಿದ್ದ ಹೃದಯದ ತುಣುಕು ಮಿಡಿಯುವುದನ್ನು ನಿಲ್ಲಿಸಿತು. ಲ್ಯಾಬಿನವಳು ಸೂಕ್ಷ್ಮದರ್ಶಕದಿಂದ ಕಣ್ಣು ಕೀಳಲಿಲ್ಲ. ಒಬ್ಬೊಬ್ಬ ದಾನಿಯ ರಕ್ತಕಣಗಳಿಂದ ಬೆಳೆಸಿದ ಉಳಿದ ಹನ್ನೊಂದು ತುಣುಕುಗಳು ಅದೇ ಹನಿ ಬಿದ್ದರೂ ತಮ್ಮ ಪಾಡಿಗೆ ಮಿಡಿಯುತ್ತಿದ್ದವು.

“ತಟ್ಟೆ ಕೆಟ್ಟಿದೆ ಅಂತ ಬರೆದು ಸಹಿ ಹಾಕಮ್ಮ,” ಎಂದರು ಮೇಲಧಿಕಾರಿ. “ಒಂದಕ್ಕೋಸ್ಕರ ಔಷಧಿ ನಿಲ್ಸೋಕಾಗತ್ತಾ?”

ತಟ್ಟೆ ಕೆಟ್ಟಿರಲಿಲ್ಲ. ಮೂರು ತಿಂಗಳ ಹಿಂದೆ ಒಬ್ಬ ದಾನಿ ಕೈಕೊಟ್ಟಾಗ, ಕೆಲಸ ನಿಲ್ಲಬಾರದೆಂದು ಅವಳು ಗುಟ್ಟಾಗಿ ತನ್ನದೇ ರಕ್ತ ಕೊಟ್ಟು ಏಳನೇ ನಂಬರಿನ ಚೀಟಿ ಅಂಟಿಸಿದ್ದಳು. ಸಿಬ್ಬಂದಿಯ ರಕ್ತ ಬಳಸುವಂತಿಲ್ಲ. ಬಾಯಿಬಿಟ್ಟರೆ ಕೆಲಸವೂ ಹೋಗುತ್ತದೆ, ಆ ತಟ್ಟೆಯೂ ಲೆಕ್ಕಕ್ಕಿಲ್ಲದೆ ಹೋಗುತ್ತದೆ.

“ಯಾರದೋ ಏನೋ, ಬಿಡಮ್ಮ. ಈ ಔಷಧಿಗೆ ಹೃದಯ ನಿಲ್ಲೋ ಅಂಥವ್ರು ಎಷ್ಟು ಜನ ಇರ್ತಾರೆ?”

“ಒಬ್ಬಳಂತೂ ಇದಾಳೆ ಸಾರ್,” ಎಂದಳು. ಎಡಗೈಯನ್ನು ಎದೆಗೆ ಒತ್ತಿಕೊಂಡು, ಬಲಗೈಯಿಂದ ‘ತಟ್ಟೆ ಕೆಟ್ಟಿದೆ’ ಎಂದು ಬರೆದು ಸಹಿ ಹಾಕಿದಳು.