ಕಡಲೊಳಗಿನ ಬೆಟ್ಟ

"ನಿನ್ನ ತಿಮಿಂಗಿಲ ನನ್ನ ಗಾಳದ ಹಗ್ಗಕ್ಕೆ ಸಿಕ್ಕಿಕೊಂಡಿದೆ ಅಕ್ಕ, ಬೇಗ ಬಾ" ಎಂದು ಪ್ರಯೋಗಾಲಯದ ಬಾಗಿಲಲ್ಲಿ ನಿಂತು ತಮ್ಮ ಹೇಳಿದಾಗ ಅವಳು ಎಲ್ಲಿ ಎಂದು ಕೇಳಲಿಲ್ಲ. ಉಪ್ಪುನೀರು ಸೋರುವ ಬೂಟುಗಾಲಲ್ಲೇ ಮೆಟ್ಟಿಲು ಹತ್ತಿ ಬಂದಿದ್ದ. ಮುಖ ಮಾತ್ರ ಎತ್ತುತ್ತಿರಲಿಲ್ಲ. ಎಲ್ಲಿ ಎಂಬುದು ಅಷ್ಟರಲ್ಲೇ ತಿಳಿದುಹೋಯಿತು.

ದಡದಿಂದ ಅರ್ಧ ದಿನದ ದಾರಿ. ಕೆಲಸದಾಳುಗಳನ್ನು ತಮ್ಮ ಏನೋ ನೆಪ ಹೇಳಿ ಬಿಟ್ಟುಬಂದಿದ್ದರಿಂದ ದೋಣಿಯಲ್ಲಿ ಇಬ್ಬರೇ. ಅವನು ಚುಕ್ಕಾಣಿ ಹಿಡಿದಿದ್ದ. ಅವಳು ಉದ್ದನೆಯ ಕೋಲಿನ ತುದಿಗೆ ಬಾಗಿದ ಚೂರಿಯೊಂದನ್ನು ಬಿಗಿಯುತ್ತ ಕೂತಿದ್ದಳು.

"ಅಲ್ಲಿಗೆ ಹೋಗಬೇಡ ಅಂತ ನೀನು ಹೇಳಿರಲಿಲ್ಲ" ಎಂದ ತಮ್ಮ.

"ಹೇಳಿರಲಿಲ್ಲ."

"ಹೇಳಿದ್ರೆ ಹೋಗ್ತಿರಲಿಲ್ಲ ಅಂತ ನಾನೂ ಹೇಳಲ್ಲ. ದಡದ ಹತ್ರ ಮೀನೆಲ್ಲಿದೆ? ದಿನಾ ನೀರು ಸೋಸಿಕೊಂಡು ಮನೆಗೆ ಬರ್ತಿದ್ದೆ."

ಜಾಗ ತೋರಿಸಿದ್ದು ಅವಳೇ, ಹಿಂದಿನ ವರ್ಷ, ಎಲ್ಲರೂ ಊಟಕ್ಕೆ ಕೂತಿದ್ದಾಗ. ಒಂದು ಹೆಣ್ಣು ಗೂನುಬೆನ್ನಿನ ತಿಮಿಂಗಿಲಕ್ಕೆ ಅವಳು ಸಿಕ್ಕಿಸಿದ್ದ ಪುಟ್ಟ ಯಂತ್ರ, ಅದು ಹೋದ ದಾರಿಯನ್ನೆಲ್ಲ ಉಪಗ್ರಹದ ಮೂಲಕ ತಿಳಿಸುತ್ತಿತ್ತು. ಹಿಮದ ಕಡಲಿಂದ ಬೆಚ್ಚನೆಯ ಕಡಲಿಗೆ ನೇರವಾಗಿ ಬರುತ್ತಿದ್ದದ್ದು, ನಕ್ಷೆಯಲ್ಲಿ ಬರೀ ನೀಲಿ ಇರುವ ಕಡೆ ವಾರಗಟ್ಟಲೆ ನಿಂತುಬಿಟ್ಟಿತು. ಹೋಗಿ ನೋಡಿದರೆ ನೀರಿನಡಿ ಒಂದು ಬೆಟ್ಟ. ಬುಡ ಪಾತಾಳದಲ್ಲಿ, ನೆತ್ತಿ ಮಾತ್ರ ಮೇಲಕ್ಕೆ ಹತ್ತಿರ. ಅದರ ಸುತ್ತ ಗಂಡುಗಳ ಹಾಡು, ಮರಿ ಹಾಕಿದ ತಾಯಂದಿರ ವಿಶ್ರಾಂತಿ. "ಅವಕ್ಕೆ ಅದು ತವರುಮನೆ ಇದ್ದ ಹಾಗೆ, ಬಾಣಂತನ ಮುಗಿಸಿಕೊಂಡೇ ಹೊರಡೋದು" ಎಂದು ಅವಳು ಹೇಳಿದಾಗ, ತಿನ್ನೋಕಾಗದ ಮೀನಿನ ಬೆನ್ನು ಹತ್ತಿದವಳು ಎಂದು ಸದಾ ಆಡಿಕೊಳ್ಳುವ ಅಮ್ಮ ಕೂಡ ನಕ್ಕಿದ್ದಳು.

ಧ್ವನಿಮುದ್ರಿಸಿ ತಂದಿದ್ದ ಹಾಡನ್ನೂ ಕೇಳಿಸಿದಳು. ಎಲ್ಲರೂ ಉಣ್ಣುವುದು ಬಿಟ್ಟು ಕಿವಿಗೊಟ್ಟರು. ತಮ್ಮ ಮಾತ್ರ ನಕ್ಷೆ ನೋಡುತ್ತಿದ್ದ. "ಬೆಟ್ಟದ ನೆತ್ತಿ ಎಷ್ಟು ಆಳದಲ್ಲಿದೆ?" ಎಂದು ಕೇಳಿದ. ಅಂಥ ನೆತ್ತಿಯ ಸುತ್ತ ಮೀನು ಮುತ್ತಿಕೊಂಡಿರುತ್ತದೆ. ಮೀನು ಹಿಡಿಯುವವನು ಆ ಪ್ರಶ್ನೆ ಯಾಕೆ ಕೇಳುತ್ತಾನೆ ಎಂದು ತಿಳಿಯದಷ್ಟು ಎಳಸಲ್ಲ ಅವಳು. ಆದರೂ, ಮನೆಯಲ್ಲಿ ಒಬ್ಬನಾದರೂ ತನ್ನ ಕೆಲಸದ ಬಗ್ಗೆ ಕೇಳಿದನಲ್ಲ ಎಂಬ ಹಿಗ್ಗು. ಆಳ ಹೇಳಿದ್ದಳು, ಜಾಗಕ್ಕೆ ಬೆರಳಿಟ್ಟೂ ತೋರಿಸಿದ್ದಳು.

ಅವರು ತಲುಪಿದಾಗ ತಾಯಿ ತಿಮಿಂಗಿಲ ಬೆಟ್ಟದ ನೆತ್ತಿಯ ಮೇಲೇ ಇತ್ತು. ಹಗ್ಗ ಬಾಲದ ಬುಡಕ್ಕೆ ಸುತ್ತುಸುತ್ತಾಗಿ ಬಿಗಿದು ಮಾಂಸದೊಳಗೆ ಇಳಿದಿತ್ತು. ಉಸಿರಿಗೆಂದು ಮೇಲೆ ಬಂದಾಗಲೆಲ್ಲ ಹಗ್ಗದ ಕೆಳತುದಿಗೆ ಕಟ್ಟಿದ್ದ ಭಾರ ಅದನ್ನು ಹಿಂದಕ್ಕೆಳೆಯುತ್ತಿತ್ತು. ಮರಿ ಪಕ್ಕ ಬಿಡದೆ ಮೈಗೆ ಮೈ ಒತ್ತಿಕೊಂಡಿತ್ತು. ಬಾಲದ ಅಂಚಿನಲ್ಲಿ ಯಾರೋ ಕಚ್ಚಿ ತೆಗೆದಂಥ ಗುರುತು ಕಂಡಿತು, ಯಂತ್ರ ಸಿಕ್ಕಿಸುವಾಗ ಅಕ್ಕ ಗಮನಿಸಿದ್ದ ಗುರುತೇ. ಹೋದ ವರ್ಷ ದಾರಿ ತೋರಿಸಿದ್ದು ಇದೇ ತಿಮಿಂಗಿಲ.

"ಎಂಜಿನ್ ನಿಲ್ಲಿಸು."

"ನಿಲ್ಲಿಸಿದ್ರೆ ಅದು ಬಾಲ ಬೀಸಿದಾಗ ಓಡೋಕಾಗಲ್ಲ."

"ನಿಲ್ಲಿಸು ಅಂದೆ."

ನಿಲ್ಲಿಸಿದ. ಅವಳು ಅಂಚಿಗೆ ಹೊಟ್ಟೆ ಊರಿ ಬಾಗಿದಳು, ಅವನು ಅವಳ ಕಾಲು ಹಿಡಿದುಕೊಂಡ. ಒಂದೊಂದೇ ಸುತ್ತು ಕತ್ತರಿಸುತ್ತ ಹೋದಂತೆ ನೀರು ಕೆಂಪಾಯಿತು. ಕೊನೆಯ ಸುತ್ತು ಬಿಚ್ಚಿಕೊಂಡು ಮುಳುಗಿದ ಮೇಲೂ ತಾಯಿ ಅಲ್ಲೇ ಬಿದ್ದಿತ್ತು, ಬಿಡುಗಡೆಯಾದದ್ದು ಗೊತ್ತೇ ಆಗದ ಹಾಗೆ. ಆಮೇಲೆ ಮರಿಯನ್ನು ಮೂತಿಯಿಂದ ಮುಂದಕ್ಕೆ ತಳ್ಳಿ, ಬೆಟ್ಟಕ್ಕೆ ಬೆನ್ನು ಮಾಡಿ, ತೆರೆದ ಕಡಲಿನತ್ತ ಹೊರಟುಹೋಯಿತು.

"ಬದುಕುತ್ತಾ?" ಎಂದ ತಮ್ಮ.

"ತಾಯಿ ಬದುಕಬಹುದು. ಮರಿ ಇನ್ನೂ ಹಸಿಗೂಸು ಕಣೋ. ಇನ್ನಷ್ಟು ದಿನ ಇಲ್ಲೇ ಹಾಲು ಕುಡಿದು ಬಲಿಯಬೇಕಿತ್ತು."

ಅವನು ಉಳಿದ ಹಗ್ಗಗಳನ್ನು ಎಳೆಯತೊಡಗಿದ. ಬೆಟ್ಟದ ಸುತ್ತ ಇಳಿಬಿಟ್ಟಿದ್ದ ಅಷ್ಟನ್ನೂ ಎಳೆದು ರಾಶಿ ಹಾಕಿದ. ಗಾಳಕ್ಕೆ ಸಿಕ್ಕಿದ್ದರಲ್ಲಿ ಜೀವವಿದ್ದ ಮೀನುಗಳನ್ನು ನೀರಿಗೇ ಬಿಟ್ಟ. ಅಂಗೈ ಕಿತ್ತು ರಕ್ತ ಬರುತ್ತಿತ್ತು. "ಇನ್ನು ಈ ಕಡೆ ತಲೆ ಹಾಕಿಯೂ ಮಲಗಲ್ಲ ಅಕ್ಕ" ಎಂದ. ಅವಳು ಅವನ ಬೆನ್ನ ಮೇಲೆ ಕೈಯಿಟ್ಟಳು. ಅವನಿಗೆ ಬಂದಷ್ಟೇ ಅವಳಿಗೂ ಅಳು ಬಂದಿತ್ತು.

ಆಗ ಎಂಜಿನ್ನಿನ ಸದ್ದು ಕೇಳಿಸಿತು. ಅವರ ದೋಣಿಯ ಎಂಜಿನ್ ನಿಂತೇ ಇತ್ತು.

"ಯಾರಿಗಾದ್ರೂ ಹೇಳಿದ್ಯಾ?"

ತಮ್ಮ ರಾಶಿ ಹಾಕಿದ ಹಗ್ಗ ನೋಡುತ್ತ ನಿಂತ. "ಷಡ್ಡಕನಿಗೆ. ಅವನೊಬ್ಬನಿಗೇ. ಅವನ ಮನೆ ಪರಿಸ್ಥಿತಿ ನಿಂಗೂ ಗೊತ್ತಲ್ಲ."

ಬೈಯಲು ತೆರೆದ ಬಾಯನ್ನು ಅವಳು ಹಾಗೇ ಮುಚ್ಚಿಕೊಂಡಳು.

ಮೊದಲು ಒಂದು ದೋಣಿ ಕಂಡಿತು. ಅದರ ಹಿಂದೆ ಎರಡು. ಅವುಗಳ ಹಿಂದೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿದರೆ, ಇನ್ನೂ ಕೆಲವು. ಮುಂದಿನ ದೋಣಿಯ ಮೂತಿಯಲ್ಲಿ ಷಡ್ಡಕ ನಿಂತಿದ್ದ. ಅಕ್ಕನ ಗುರುತು ಹತ್ತಿದ್ದೇ ಅವನ ಮುಖ ಅರಳಿತು. ಟೋಪಿ ತೆಗೆದು, ಅಲೆಯ ಸದ್ದನ್ನು ಮೀರಿ ಕೂಗಿ ಹೇಳಿದ:

"ಈ ಜಾಗ ಹುಡುಕಿಕೊಟ್ಟಿದ್ದು ನೀವಂತೆ ಅಕ್ಕ. ನಮ್ಮ ಮಕ್ಕಳು ನಿಮ್ಮ ಹೆಸರು ಹೇಳಿಕೊಂಡು ಉಣ್ತಾರೆ. ನಿಮ್ಮ ಹೊಟ್ಟೆ ತಣ್ಣಗಿರಲಿ."