ಅವರ ಪಾಲಿನ ಸಾರು

"ಚಿಗುಸಾ ಸಾನ್, ನೀವು ಸೋಯಾ ತಿಂತಿದ್ದೀರಿ," ಎಂದಳು ನರ್ಸ್ ಇಸೊಬೆ, ಮೂತ್ರ ಪರೀಕ್ಷೆಯ ಚೀಟಿಯಿಂದ ತಲೆ ಎತ್ತದೆ.

"ಇಲ್ವೇ ಇಲ್ಲ! ನಾಲ್ಕು ತಿಂಗಳಾಯ್ತು, ತೋಫು ಬಾಯಿಗಿಟ್ಟಿಲ್ಲ. ತೋಫು ಅಂಗಡಿಯೋನು ಎದುರು ಸಿಕ್ರೆ ಮುಖ ತಿರುಗಿಸ್ಕೊಂಡು ಹೋಗ್ತಾನೆ." ಚಿಗುಸಾ ತನ್ನ ಊಟದ ಡೈರಿಯನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದಳು. ಒಂದು ದಿನವೂ ತಪ್ಪದೆ, ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದಳು.

ಮುಟ್ಟು ನಿಂತ ಹೆಂಗಸರ ಹೃದಯಕ್ಕೆ ಸೋಯಾದಲ್ಲಿರುವ ಅಂಶಗಳಿಂದ ಒಳ್ಳೆಯದಾಗುತ್ತದೆಯೇ ಎಂದು ತಿಳಿಯಲು ಊರ ಆರೋಗ್ಯ ಕೇಂದ್ರದಲ್ಲಿ ಅಧ್ಯಯನ ನಡೆದಿತ್ತು. ಅರ್ಧ ಜನ ಆರು ತಿಂಗಳು ದಿನಾ ಸೋಯಾ ತಿನ್ನಬೇಕು, ಇನ್ನರ್ಧ ಜನ ತಿನ್ನಲೇಬಾರದು. ಐವತ್ತೇಳರ ಚಿಗುಸಾ ತಿನ್ನಬಾರದವರ ಗುಂಪಿಗೆ ಬಿದ್ದಳು. ಅದಕ್ಕೆ ಅವಳಿಗೆ ಬೇಜಾರೇನೂ ಆಗಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಗುರುವಾರ. ಪ್ರತಿ ಗುರುವಾರ ಹತ್ತು ಗಂಟೆಗೆ ಇಸೊಬೆ ಅವಳ ಎಡತೋಳಿನ ಬಟ್ಟೆ ಮಡಿಸಿ, ಮಣಿಕಟ್ಟು ಹಿಡಿದು, ಒಂದು ನಿಮಿಷ ನಾಡಿ ನೋಡುತ್ತಿದ್ದಳು. ಗಂಡ ಹೋದ ಎರಡು ವರ್ಷದಿಂದ ಚಿಗುಸಾಳ ಮೈ ಸೋಕಿದ ಕೈ ಅದೊಂದೇ.

"ಬೆಳಗ್ಗೆ ಅನ್ನ, ಸುಟ್ಟ ಮೀನು, ಮೂಲಂಗಿ ಉಪ್ಪಿನಕಾಯಿ..." ಇಸೊಬೆ ಓದಿದಳು. "ಮತ್ತೆ ಸೋಯಾ ಎಲ್ಲಿಂದ ಬಂತು? ಮನೇಲಿ ಮಿಸೊ ಡಬ್ಬಿ ಇದ್ಯಾ? ಅದೂ ಸೋಯಾ ಹುಳಿಸಿ ಉಪ್ಪು ಹಾಕಿದ್ದೇ ಅಲ್ವಾ?"

"ಇದೆ. ಅದು ನಮ್ಮೋರಿಗೆ."

"ಅವರು... ತೀರ್ಕೊಂಡಿದ್ದಾರಲ್ವಾ?"

"ತೀರ್ಕೊಂಡ್ರೆ ಬೆಳಗ್ಗೆ ಸಾರು ಬೇಡ್ವಾ? ತೋಫು ಹಾಕಿ, ಮಿಸೊ ಕದಡಿ, ಅವರ ಫೋಟೊ ಇರೋ ಗೂಡಿನ ಮುಂದೆ ಇಡ್ತೀನಿ. ಗಂಟೆ ಬಾರಿಸಿ ಕೈ ಮುಗೀತೀನಿ."

"ಆಮೇಲೆ ಆ ಸಾರು?"

"ಆಮೇಲೆ ಇಳಿಸಿ..." ಚಿಗುಸಾ ಡೈರಿಯ ಕಡೆ ನೋಡಿದಳು. "ಅವರಿಗೆ ಇಟ್ಟಿದ್ದನ್ನ ಯಾರಾದ್ರೂ ಚೆಲ್ತಾರಾ? ಕುಡೀತೀನಿ. ಆದ್ರೆ ಅದು ಅವರ ಪಾಲು, ಇಸೊಬೆ ಸಾನ್! ನಂದಲ್ಲ. ಅದಕ್ಕೇ ಬರೀಲಿಲ್ಲ."

ಇಸೊಬೆಗೆ ನಗು ಬಂತು, ಹಾಗೇ ನುಂಗಿಕೊಂಡಳು. "ನಮ್ಮಜ್ಜಿ ಕೂಡ ಥೇಟ್ ನಿಮ್ಮ ಹಾಗೇ. ಆದ್ರೆ ಯಾರ ಪಾಲು ಅಂತ ಹೊಟ್ಟೆಗೆ ಗೊತ್ತಾಗಲ್ವಲ್ಲ." ಪೆನ್ನಿನ ಕ್ಯಾಪು ತೆಗೆದು, ಮತ್ತೆ ಹಾಕಿದಳು. "ಒಂದು ಕೆಲ್ಸ ಮಾಡೋಣ. ಡಾಕ್ಟರನ್ನ ನಾನು ಒಪ್ಪಿಸ್ತೀನಿ. ಇವತ್ತಿಂದ ಹೊಸದಾಗಿ ಆರು ತಿಂಗಳು ಶುರು ಮಾಡಿ. ಅಲ್ಲೀವರೆಗೂ ಅವರಿಗೆ ಮಿಸೊ ಬೇಡ, ಮೀನಿನ ತಿಳಿಸಾರು ಇಡಿ. ಅವರೇನೂ ಬೇಜಾರು ಮಾಡ್ಕೊಳ್ಳಲ್ಲ."

ಮತ್ತೆ ಆರು ತಿಂಗಳು. ಇಪ್ಪತ್ತಾರು ಗುರುವಾರ. ಹೂಂ ಎಂದುಬಿಡಲು ಬಾಯಿ ತೆರೆದ ಚಿಗುಸಾಳಿಗೆ ಆಸ್ಪತ್ರೆಯ ಕೊನೆಯ ವಾರ ನೆನಪಾಯಿತು. ಗಂಡನ ಹೃದಯ ಸೋತಿತ್ತು, ಉಪ್ಪು ಕೂಡದು ಎಂದಿದ್ದರು. "ಒಂದೇ ಒಂದು ಬಟ್ಟಲು ಮಿಸೊ ಸಾರು ತಾರೇ," ಎಂದು ಅವನು ದಿನಾ ಬೇಡಿದ. ಇವಳು ನಿಯಮ ಮೀರಿದವಳಲ್ಲ. ದಿನಾ ಉಪ್ಪಿಲ್ಲದ ತಿಳಿಸಾರು ಒಯ್ದಳು. ನಾಲ್ಕನೆಯ ದಿನ ಅವನು ಬಾಯಿ ತೆರೆಯಲಿಲ್ಲ, ಬೈಯಲೂ ಇಲ್ಲ. ಸಾರಿಗೆ ಉಪ್ಪು ಕಮ್ಮಿ ಎಂದು ಮೂವತ್ತು ವರ್ಷ ಬೈದಿದ್ದ ಗಂಡಸು, ಗೋಡೆ ಕಡೆ ತಿರುಗಿ ಮಲಗಿದ.

"ತಿಳಿಸಾರು ಕೊಟ್ಟೇ ಅವರನ್ನ ಕಳಿಸಿದ್ದು," ಎಂದಳು ಚಿಗುಸಾ. "ಇನ್ನೊಂದ್ಸಲ ನನ್ನ ಕೈಲಾಗಲ್ಲ. ಹೆಸರು ಹೊಡೆದುಹಾಕಿ."

"ಯೋಚ್ನೆ ಮಾಡಿ ಹೇಳಿ. ಮನೇಲಿ ನೀವೊಬ್ರೇ. ಇಲ್ಲಿಗಾದ್ರೂ ಬರ್ತಿದ್ರಿ."

"ಹೌದು," ಎಂದಳು ಚಿಗುಸಾ. "ಬರ್ತಿದ್ದೆ."

ಇಸೊಬೆ ಹೆಸರಿನ ಮೇಲೆ ಗೆರೆ ಎಳೆದಳು. ಆಮೇಲೆ, ಬರೆದುಕೊಳ್ಳಲು ಜಾಗವೇ ಇಲ್ಲದಿದ್ದರೂ, ಅವಳ ಮಣಿಕಟ್ಟು ಹಿಡಿದು ನಾಡಿ ನೋಡಿದಳು. ಅವತ್ತು ಒಂದು ನಿಮಿಷಕ್ಕಿಂತ ಜಾಸ್ತಿಯೇ ಹಿಡಿದಿದ್ದಳು.

ಮುಂದಿನ ಗುರುವಾರ ಹೋಗಬೇಕಾದ ಜಾಗವಿರಲಿಲ್ಲ, ಚಿಗುಸಾ ತಡವಾಗಿ ಎದ್ದಳು. ಸಾರು ಮಾಡಿ ಗೂಡಿನ ಮುಂದಿಟ್ಟು ಗಂಟೆ ಬಾರಿಸಿದಳು. ಗಡಿಯಾರ ಹತ್ತು ತೋರಿಸುವಾಗ ನೋಡಿಕೊಂಡರೆ ಎಡತೋಳಿನ ಬಟ್ಟೆ ಆಗಲೇ ಮಡಿಸಿಕೊಂಡಿದ್ದಳು. ಅದನ್ನು ಬಿಚ್ಚಲು ಮನಸ್ಸಾಗಲಿಲ್ಲ. ಬಟ್ಟಲು ಇಳಿಸಿ, ಒಂದು ಗುಟುಕು ಕುಡಿದು, ಫೋಟೊ ಕಡೆ ನೋಡಿದಳು.

"ಉಪ್ಪು ಕಮ್ಮಿಯಾಗಿದೆ, ಅಲ್ವಾ?" ಎಂದಳು. ಸ್ವಲ್ಪ ಹೊತ್ತು ಕಾದಳು. "ಇವತ್ತೊಂದು ದಿನ ಬೈರೀ."